ತಳದಲ್ಲಿ ಉಳಿದ ಬಿಳಿ ಪುಡಿ

"ನನ್ನ ಫ್ಲಾಸ್ಕ್ ತೊಳೆದಿಟ್ಟಿದ್ದು ಯಾರು?!"

ಧನಲಕ್ಷ್ಮಿಯ ದನಿಗೆ ಇಡೀ ಲ್ಯಾಬ್ ತಿರುಗಿ ನೋಡಿತು. ಅದು 1998. ಕೆ.ಆರ್. ಪುರದ ಆ ಪುಟ್ಟ ಔಷಧ ಕಂಪನಿಗೆ ಅಂದಷ್ಟೇ ಸೇರಿದ್ದ ಶಿವಪುತ್ರ, ಸಿಂಕಿನ ಬಳಿ ಒದ್ದೆ ಕೈಯಲ್ಲೇ ನಿಂತಿದ್ದ.

"ನಾನ್ರೀ... ತಳದಾಗ ಬಿಳಿ ಪುಡಿ ಕೂತಿತ್ತು. ಕೆಟ್ಟೈತಿ ಅಂತ ತಿಳದೆ."

"ಅಯ್ಯೋ! ಪುಡಿ ಉಳೀಲೇಬೇಕು ಕಣ್ರೀ! ಇನ್ನು ಕರಗಲ್ಲ ಅನ್ನೋವರೆಗೂ ಅಲ್ಲಾಡಿಸಿದ್ರೆ ತಾನೇ, ಔಷಧ ಎಷ್ಟು ಕರಗುತ್ತೆ ಅಂತ ಗೊತ್ತಾಗೋದು? ಎರಡು ದಿನದ ಕೆಲಸ!"

ಮರುದಿನ ಅವಳು ಬರುವಷ್ಟರಲ್ಲಿ ಹೊಸ ಫ್ಲಾಸ್ಕ್‌ಗಳು ಮೂವತ್ತೇಳು ಡಿಗ್ರಿಯ ಬಿಸಿಯಲ್ಲಿ ಅಲ್ಲಾಡುತ್ತಿದ್ದವು. ಪಕ್ಕದಲ್ಲಿ ಅವನ ಡಬ್ಬಿ... ಯಾದಗಿರಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ.

"ತಿನ್ರಿ. ಸಿಟ್ಟು ಕರಗ್ತದೋ ಇಲ್ಲೋ ನೋಡೋಣು."

ಅವಳಿಗೆ ನಗು ತಡೆಯಲಾಗಲಿಲ್ಲ.

ಎರಡು ವರ್ಷ ಹಾಗೇ ಕಳೆಯಿತು. ಸಂಜೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನವರೆಗೆ ಜೊತೆಯಾಗಿ ನಡೆಯುವುದು, ಬಂದ ಬಸ್ಸುಗಳನ್ನು ಬೇಕೆಂದೇ ಬಿಡುವುದು! ಕೊನೆಗೊಂದು ದಿನ ಅವನೇ ಕೇಳಿದ್ದ: "ಬರೋ ಭಾನುವಾರ ನಿಮ್ಮಪ್ಪನ್ನ ಕಾಣಾಕ ಬರ್ಲೇನು?"

ಆ ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು. ಹೊಸ ಔಷಧವೊಂದು ಸರಿಯಾಗಿ ಕರಗುತ್ತಿಲ್ಲ, ಕೈಬಿಡೋಣ ಎಂದು ಮೀಟಿಂಗ್ ಸೇರಿತ್ತು. ಅಳತೆ ಅವಳದು. ಎಲ್ಲರೆದುರು ಶಿವಪುತ್ರ ಎದ್ದು ನಿಂತ.

"ಸರ್, ಧನಲಕ್ಷ್ಮಿ ಕೊಟ್ಟ ನಂಬರ್ ತಪ್ಪೈತ್ರಿ."

ನನಗೆ ಒಂದು ಮಾತು ಮೊದಲೇ ಹೇಳಬಾರದಿತ್ತೇ...?

ಕಣ್ಣು ತುಂಬಿ ಅವಳು ಹೊರನಡೆದಳು. ಕೆಲಸ ಬಿಟ್ಟಳು. ಭಾನುವಾರ ಅವನು ಬಾಗಿಲು ತಟ್ಟಿದಾಗ, "ನಾನಿಲ್ಲ ಅಂತ ಹೇಳಮ್ಮ" ಎಂದು ಒಳಗೇ ಉಳಿದಳು.

ಐದು ವರ್ಷಗಳ ನಂತರ, ಅವಳು ಪಾಠ ಮಾಡುತ್ತಿದ್ದ ಇಂದಿರಾನಗರದ ಕಾಲೇಜಿಗೆ ಹಳೆಯ ಸಹೋದ್ಯೋಗಿ ಫಹ್ಮಿದಾ ಬಂದಳು. ಕಂಪನಿ ಮುಚ್ಚಿ, ಹಳೆಯ ಕಡತಗಳನ್ನೆಲ್ಲ ತೆರವು ಮಾಡುತ್ತಿದ್ದರು. ಅವಳ ಕೈಯಲ್ಲಿ ಲ್ಯಾಬ್ ಪುಸ್ತಕದ ಒಂದು ಹಾಳೆಯ ಜೆರಾಕ್ಸ್.

"ಓದು."

ಮೀಟಿಂಗ್ ದಿನದ ತಾರೀಖು. ಶಿವಪುತ್ರನ ದುಂಡು ಅಕ್ಷರ. 'ಸೋಸುವ ಫಿಲ್ಟರ್ ಔಷಧವನ್ನು ಹೀರಿಕೊಂಡು ಅಳತೆ ಕಡಿಮೆ ಬಂದಿದೆ. ಫಿಲ್ಟರ್ ಬದಲಿಸಿದವನು ನಾನು. ಧನಲಕ್ಷ್ಮಿಯ ಕೆಲಸದಲ್ಲಿ ತಪ್ಪಿಲ್ಲ.'

"ಇದನ್ನೇ ಅವತ್ತು ಮೀಟಿಂಗಲ್ಲೂ ಹೇಳ್ದ. ನೀನು ಅರ್ಧಕ್ಕೇ ಎದ್ದು ಹೋದ್ಯಲ್ಲ, ಪಾಗಲ್! ನೀನು ಮದುವೆ ಆಗಿಬಿಟ್ಟಿರ್ತೀಯ ಅಂದ್ಕೊಂಡು ನಾನೂ ಸುಮ್ನಿದ್ದೆ. ಆಗಿಲ್ಲ ಅಂತ ಮೊನ್ನೆ ಗೊತ್ತಾಯ್ತು. ಅವನು ಇನ್ನೂ ಒಬ್ನೇ ಇದ್ದಾನೆ... ರಾಮಮೂರ್ತಿ ನಗರದ ಅದೇ ಹಳೇ ಬಾಡಿಗೆ ರೂಮಲ್ಲಿ."

ಬಂದ ಸಂಬಂಧಗಳಿಗೆಲ್ಲ ತಾನು ಯಾಕೆ 'ಬೇಡ' ಅಂದೆನೆಂದು ಅವಳಿಗೆ ಆಗ ಅರ್ಥವಾಯಿತು.

ಅಂದೇ ಸಂಜೆ ಅವಳು ಆ ರೂಮಿನ ಬಾಗಿಲು ತಟ್ಟಿದಳು. ತೆರೆದವನು ಶಿವಪುತ್ರ. ಕಿವಿಯ ಬಳಿ ಎರಡು ಬಿಳಿ ಕೂದಲು.

"ಅವತ್ತು ನಿನ್ನ ಮಾತು ಪೂರ್ತಿ ಕೇಳ್ಲಿಲ್ಲ..." ಎಂದಳು ಅವಳು.

"ಮೂರು ಭಾನುವಾರ ಬಂದೆ, ಧನಾ."

"ಗೊತ್ತು. ಮೂರು ಸಲಾನೂ ಬಾಗಿಲ ಹಿಂದೇನೇ ಇದ್ದೆ."

ಅವನು ಬಾಗಿಲು ಪೂರ್ತಿ ತೆರೆದ. ಆಮೇಲೆ ಮೆಲ್ಲನೆ ಕೇಳಿದ:

"ಈ ಭಾನುವಾರ ನಿಮ್ಮಪ್ಪ ಮನ್ಯಾಗ ಇರ್ತಾರೇನು?"

"ಇರ್ತಾರೆ." ಅವಳು ಕಣ್ಣೊರೆಸಿಕೊಂಡಳು. "ಬಾಗಿಲು ನಾನೇ ತೆಗೀತೀನಿ."