ಅರ್ಧ ಮನೆಯ ಬಣ್ಣ

ಮಳೆಗಾಲ ಮುಗಿದು ಬಿಸಿಲು ಸರಿಯಾಗಿ ಬಿದ್ದ ಮೊದಲ ಬೆಳಿಗ್ಗೆ ಓಲಿಂಡಾ ಕಾಫಿ ಲೋಟ ಹಿಡಿದು ಜಗುಲಿಗೆ ಬಂದಳು. ಬಂದವಳೇ ಬಾಯಲ್ಲಿದ್ದ ಗುಟುಕನ್ನು ದಾಸವಾಳದ ಗಿಡದ ಬುಡಕ್ಕೆ ಉಗಿದಳು. ಮನೆಯ ಆಚೆಯ ಅರ್ಧಕ್ಕೆ ಬಣ್ಣ ಬಳಿದಾಗಿತ್ತು. ಅಂಥ ಬಣ್ಣವನ್ನು ಅವಳು ಹೊಟ್ಟೆ ಕೆಟ್ಟ ಮಗುವಿನ ಲಂಗೋಟಿಯಲ್ಲಿ ನೋಡಿದ್ದಳೇ ಹೊರತು ಗೋಡೆಯ ಮೇಲೆ ನೋಡಿರಲಿಲ್ಲ.

ಮಡಗಾಂವ್ ದಾಟಿದ ಮೇಲೆ ಸಿಗುವ ಆ ಊರಿನಲ್ಲಿ ಅವರ ಮನೆಯನ್ನು ಎಲ್ಲರೂ ಅರ್ಧ ಮನೆ ಎಂದೇ ಕರೆಯುತ್ತಿದ್ದರು. ಅಜ್ಜ ತೀರಿಕೊಂಡ ಮೇಲೆ ಅಪ್ಪ ಮತ್ತು ದೊಡ್ಡಪ್ಪ ಹಿಸ್ಸೆ ಮಾಡಿಕೊಂಡಾಗ ಮುಂದಿನ ಮೆಟ್ಟಿಲುಗಳ ನಟ್ಟನಡುವೆ ಒಂದು ಗೆರೆ ಬಿತ್ತು. ಆ ಗೆರೆ ಹಾಲ್‌ನೊಳಗೆ ಹೋಗಿ ಪ್ಲೈವುಡ್ ಗೋಡೆಯಾಯಿತು. ಗಾಜಿನ ಬದಲು ಚಿಪ್ಪಿನ ಬಿಲ್ಲೆಗಳನ್ನು ಕೂರಿಸಿದ ದೊಡ್ಡ ಕಿಟಕಿಯನ್ನೂ ಬಿಡದೆ ಒಂದು ಬಾಗಿಲು ಇವರಿಗೆ, ಒಂದು ಬಾಗಿಲು ಅವರಿಗೆ ಎಂದು ಸೀಳಿತು. ಚಮಚಗಳು, ಕುರ್ಚಿಗಳು, ಸಂತರ ಮೂರ್ತಿಗಳು ಹಂಚಿಹೋದವು. ಕೊನೆಗೆ ಅಜ್ಜನ ಮಂಚದ ಕೆಳಗೆ ಇರುತ್ತಿದ್ದ ಪಿಂಗಾಣಿಯ ಉಚ್ಚೆ ಪಾತ್ರೆಗೂ ಓರಗಿತ್ತಿಯರಿಬ್ಬರು ಕಿತ್ತಾಡಿದರು. ಅಂಚಿಗೆ ಗುಲಾಬಿ ಬಳ್ಳಿ ಬರೆದ ಆ ಪಾತ್ರೆ ದೊಡ್ಡಮ್ಮನ ಪಾಲಾಯಿತು. ಓಲಿಂಡಾಳ ತಾಯಿ ಪೆರ್ಪೇತ್ ಬಾಯಿ ಅರ್ಧ ಮನೆಯನ್ನು ಬಿಟ್ಟುಕೊಟ್ಟಿದ್ದನ್ನು ಮರೆತರೂ ಆ ಪಾತ್ರೆ ಬಿಟ್ಟುಕೊಟ್ಟಿದ್ದನ್ನು ಮರೆಯಲಿಲ್ಲ.

ದೊಡ್ಡಪ್ಪನ ಮಕ್ಕಳು ಲಿಸ್ಬನ್ ಸೇರಿ ಕಾಲವಾಯಿತು. ಬೀಗ ಬಿದ್ದಿದ್ದ ಆ ಅರ್ಧವನ್ನು ಈ ಮಳೆಗಾಲದಲ್ಲಿ ಬಾಡಿಗೆಗೆ ಹಿಡಿದವನು ಇನಾಸ್. ಅವನ ಅಪ್ಪ ಸೈಕಲ್ ಮೇಲೆ ಪಾವ್ ರೊಟ್ಟಿ ಮಾರುತ್ತಿದ್ದವನು, ಈ ಮನೆಯ ಹಿತ್ತಲ ಬಾಗಿಲಿಗಷ್ಟೇ ಬರುತ್ತಿದ್ದವನು. ಮಗ ಹಡಗಿನಲ್ಲಿ ಬೇಕರಿ ಕೆಲಸ ಮಾಡಿಕೊಂಡು ದೇಶದೇಶ ತಿರುಗಿ, ನಲವತ್ತು ದಾಟಿ, ಒಂಟಿಯಾಗಿ ಊರಿಗೆ ಬಂದಿದ್ದ.

ಅವನೀಗ ಏಣಿಯ ಮೇಲಿದ್ದ. ರೆಪ್ಪೆಯ ತುದಿಯಲ್ಲಿ ಬಣ್ಣದ ಒಂದು ಹನಿ ಅಂಟಿಕೊಂಡಿತ್ತು. ಅದಕ್ಕೇ ಅವನು ಒಂದು ಕಣ್ಣು ಅರ್ಧ ಮುಚ್ಚಿಕೊಂಡು ಅವಳನ್ನು ನೋಡುತ್ತಿದ್ದ, ಏನೋ ಗುಟ್ಟು ಹೇಳಲು ಹೊರಟವನ ಹಾಗೆ.

"ಇದೇನ್ರೀ ಇದು?" ಎಂದಳು ಓಲಿಂಡಾ.

"ಬಾಳೆ ಸುಳಿ ಹಸಿರು."

"ಯಾವ ಬಾಳೆ? ಕೊಳೆತಿದ್ದಾ?"

"ನಾನೇನ್ ಮಾಡ್ಲಿ ಬಾಯಿ, ತಿಯಾ ಜುಲ್ಮಿರಾ ಬರ್ದಿದ್ದಾರೆ. ಈ ಬಣ್ಣ ಹೊಡೆದ ಮನೇಲಿ ಜಗಳಾನೇ ಆಗಲ್ವಂತೆ," ಎಂದ ಅವನು. "ನೀವು ಓದಲ್ವಾ ಅವರ ಅಂಕಣ?"

ಓಲಿಂಡಾ ಓದುವುದಿಲ್ಲ ಎಂದಳು. ನಿಜ ಹೇಳಬೇಕೆಂದರೆ ಬರೆದ ಮೇಲೆ ಅವಳು ಒಮ್ಮೆಯೂ ಓದುತ್ತಿರಲಿಲ್ಲ.

ಹೌದು, ಊರಿಗೆಲ್ಲ ಚಿಕ್ಕಮ್ಮನಂತಿದ್ದ ತಿಯಾ ಜುಲ್ಮಿರಾ ಅವಳೇ. ಪ್ರತಿ ಭಾನುವಾರದ ಪುರವಣಿಯಲ್ಲಿ ಜುಲ್ಮಿರಾ ಬಾಯಿ ಮನೆ ಸಿಂಗರಿಸುವುದನ್ನು ಹೇಳಿಕೊಡುತ್ತಿದ್ದಳು, ಜೊತೆಗೆ ಸಂಸಾರದ ಸವಿಯನ್ನೂ ಬಡಿಸುತ್ತಿದ್ದಳು. ಅವಳಿಗೆ ಬೆರ್ನಾರ್ಡ್ ಎಂಬ ಗಂಡನಿದ್ದ, ಬೆಳಿಗ್ಗೆ ಕಾಫಿ ಮಾಡಿ ಎಬ್ಬಿಸುತ್ತಿದ್ದ. ಇಬ್ಬರು ಮಕ್ಕಳಿದ್ದರು. ಕಿರಿಯವನು ಹಸಿ ಸೀಬೆಕಾಯಿ ಎಸೆದು ಚಿಪ್ಪಿನ ಕಿಟಕಿಯ ಬಿಲ್ಲೆ ಒಡೆದರೆ ಅಕ್ಕ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಮೊಣಕಾಲೂರಿ ಕೂರುತ್ತಿದ್ದಳು. ಓದಿದ ಹೆಂಗಸರು ಕಣ್ಣೊರೆಸಿಕೊಂಡು ಪತ್ರ ಬರೆಯುತ್ತಿದ್ದರು.

ಇದನ್ನೆಲ್ಲ ಬರೆಯುವವಳು ನಿನ್ನೆಯ ಮೀನು ಸಾರನ್ನು ಸಿಂಕಿನ ಪಕ್ಕ ನಿಂತೇ ಉಣ್ಣುತ್ತಿದ್ದಳು. ಅವಳ ಪಾಲಿನ ಹಾಲ್‌ನಲ್ಲಿ ಗೋಡೆಗೆ ಬೂಸ್ಟು ಹಿಡಿದಿತ್ತು, ಮಾಡಿನ ಬಾವಲಿಗಳು ಪಿಯಾನೋದ ಮೇಲೆ ಹಿಕ್ಕೆ ಹಾಕುತ್ತಿದ್ದವು, ನಡುವೆ ತಾಯಿ ಶೌಚಕ್ಕೆ ಕೂರುವ ತೂತು ಕುರ್ಚಿ ಸಿಂಹಾಸನದಂತೆ ಕೂತಿತ್ತು. ಊಟದ ಮೇಜಿನ ಸುತ್ತ ಮನೆಮಂದಿಯ ನಗು ಮೊಳಗಲಿ ಎಂದು ಬರೆದ ದಿನ ತಾಯಿ ಮಗಳು ಗಂಜಿಗೆ ಉಪ್ಪು ಹೆಚ್ಚಾದ ವಿಷಯಕ್ಕೆ ಮಾತು ಬಿಟ್ಟಿದ್ದರು. ಮೊದಮೊದಲು ಬರೆದು ಮುಗಿಸಿದಾಗ ಅವಳಿಗೆ ನಗು ಬರುತ್ತಿತ್ತು, ಈಚೆಗೆ ವಾಕರಿಕೆ ಬರುತ್ತಿತ್ತು. ಆದರೂ ಬಿಡಲಾರಳು. ವಾರಕ್ಕೊಮ್ಮೆ ಅವಳಿಗಾಗಿ ಯಾರಾದರೂ ಕಾಯುತ್ತಾರೆಂದರೆ ಅದು ಆ ಒಂದು ಪುಟದಲ್ಲಿ ಮಾತ್ರ.

ಅದೇ ವಾರ ಸಂಪಾದಕನ ಫೋನ್ ಬಂತು. ಕ್ರಿಸ್‌ಮಸ್ ಸಂಚಿಕೆಗೆ ತಿಯಾ ಜುಲ್ಮಿರಾಳ ಮನೆಯ ಫೋಟೋಗಳು ಬೇಕಂತೆ, ಗಂಡ ಮಕ್ಕಳ ಸಮೇತ. ಈ ಕಾಲದಲ್ಲಿ ಮುಖ ತೋರಿಸದೆ ನಡೆಯುವುದಿಲ್ಲ, ಆಗದಿದ್ದರೆ ಪುಟವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಅವನು ಬಹಳ ಸಂಕೋಚದಿಂದಲೇ ಹೇಳಿದ. ಮಕ್ಕಳು ಬೋರ್ಡಿಂಗ್ ಶಾಲೆಯಲ್ಲಿದ್ದಾರೆ ಎಂದು ಇವಳು ಬಾಯಿಗೆ ಬಂದ ಸುಳ್ಳು ಹೇಳಿದಳು. ಹಾಗಾದರೆ ಮನೆ ಮತ್ತು ಗಂಡ ಸಾಕು ಎಂದ ಅವನು.

ಗಂಡನ ವಿಷಯ ಆಮೇಲೆ, ಮೊದಲು ಮನೆ ಆಗಬೇಕಿತ್ತು. ಸಂಜೆ ಓಲಿಂಡಾ ತಲೆ ಬಾಚಿಕೊಂಡು ಗೆರೆಯ ಆಚೆಗಿನ ಮೆಟ್ಟಿಲು ಹತ್ತಿದಳು. ಒಳಗಿನಿಂದ ತಾಯಿ, ಪಾವ್‌ನವನ ಮಗನ ಮನೆಗೆ ಪೌಡರ್ ಬೇರೆ ಬಳ್ಕೊಂಡು ಹೋಗ್ತಾಳೆ ಎಂದು ಊರಿಗೆ ಕೇಳುವಂತೆ ಗೊಣಗಿದಳು.

ಒಳಗೆ ಕಾಲಿಟ್ಟವಳಿಗೆ ಮೈ ಜುಮ್ಮೆಂದಿತು. ಅವನು ತನ್ನ ಮನೆಯನ್ನು ಅಕ್ಷರಶಃ ಅವಳ ಅಂಕಣದಂತೆ ಸಿಂಗರಿಸಿದ್ದ. ಗೋಡೆಗೆ ಮೀನಿನ ಬುಟ್ಟಿಗಳನ್ನು ನೇತುಹಾಕಿದ್ದ, ಅವು ಇನ್ನೂ ಬಂಗಡೆಯ ನಾತ ಬೀರುತ್ತಿದ್ದವು. ಹಳೆಯ ಸೀರೆಯ ಪರದೆಗಳಿದ್ದವು. ದೀಪಕ್ಕೆ ತೆಂಗಿನ ಕರಟದ ಬುರುಡೆ ಹಾಕಿದ್ದ, ಅದರೊಳಗೆ ಎರಡು ಹಲ್ಲಿಗಳು ಸಂಸಾರ ಹೂಡಿದ್ದವು. ಇಷ್ಟು ಅಸಹ್ಯವಾದುದನ್ನು ತಾನು ಬರೆದೆನೇ ಎಂದು ಅವಳಿಗೆ ನಂಬಲಾಗಲಿಲ್ಲ.

ಇನ್ನೊಂದು ವಿಚಿತ್ರವೂ ಅವಳ ಕಣ್ಣಿಗೆ ಬಿತ್ತು. ಹೂದಾನಿ, ಗಡಿಯಾರ, ಮೇಣದಬತ್ತಿ, ಎಲ್ಲವನ್ನೂ ಗಾಳದ ದಾರದಿಂದ ಮೇಜಿನ ಕಾಲಿಗೆ ಕಟ್ಟಿದ್ದ.

"ಇದು ಜುಲ್ಮಿರಾ ಹೇಳಿದ್ದಲ್ಲ," ಎಂದ ಇನಾಸ್, ಮೊದಲ ಸಲ ನಾಚಿಕೊಂಡು. "ಹಡಗಿನ ಅಭ್ಯಾಸ. ನೆಲ ಅಲ್ಲಾಡಲ್ಲ ಅನ್ನೋದ್ರಲ್ಲಿ ನಂಗಿನ್ನೂ ನಂಬಿಕೆ ಬಂದಿಲ್ಲ."

ಆ ಮನೆಯಲ್ಲಿ ಅವಳಿಗೆ ಹೇಸಿಗೆ ಬಾರದ ಮೊದಲ ವಸ್ತು ಆ ದಾರ. ಎರಡನೆಯದು ಕಿಟಕಿಯ ಬಳಿಯ ಕುರ್ಚಿ. ಸಂಜೆ ಮನೆಗೆ ಬರುವವರಿಗಾಗಿ ಒಂದು ಕುರ್ಚಿ ಸದಾ ಖಾಲಿ ಇರಲಿ ಎಂದು ಅವಳು ಯಾವಾಗಲೋ ಬರೆದಿದ್ದಳು. ಕುರ್ಚಿಗೆ ಒಗೆದ ದಿಂಬು ಹಾಕಿದ್ದ. ಯಾರೂ ಕೂತ ಗುರುತು ಅದರ ಮೇಲಿರಲಿಲ್ಲ. ಓಲಿಂಡಾ ಅದರಲ್ಲಿ ಕೂತಳು. ಅವಳು ಕೂತದ್ದನ್ನು ಅವನು ನೋಡಿದ, ನೋಡಿ ಬೇರೆ ಕಡೆ ಕತ್ತು ತಿರುಗಿಸಿದ, ಕಿವಿಯ ತುದಿ ಮಾತ್ರ ಕೆಂಪಗಾಗಿದ್ದು ಅವಳಿಗೆ ಕಂಡಿತು.

ಹಾಲ್ ಒಂದು ಬೆಳಿಗ್ಗೆಯ ಮಟ್ಟಿಗೆ ಬೇಕಿತ್ತು ಎಂದು ಬಾಯಿ ತೆರೆಯುವಷ್ಟರಲ್ಲಿ ಅವನು ಒಳಗಿನಿಂದ ಹಣ್ಣು ತಂದು ಅವಳ ಮುಂದಿಟ್ಟ. ಮಾಗಿದ ಸೀಬೆಹಣ್ಣು, ಪಿಂಗಾಣಿ ಪಾತ್ರೆಯ ತುಂಬ. ಪಾತ್ರೆಗೆ ಒಂದೇ ಹಿಡಿ, ಅಂಚಿಗೆ ಗುಲಾಬಿ ಬಳ್ಳಿ.

"ತಗೊಳ್ಳಿ," ಎಂದ ಇನಾಸ್.

ಬೆಳಿಗ್ಗೆ ಬೆಳಿಗ್ಗೆ ಅಜ್ಜ ಅದನ್ನು ಕೆಲಸದವಳ ಕೈಗೆ ಕೊಡುತ್ತಿದ್ದುದು, ಅವಳು ಮೂಗು ಅತ್ತ ತಿರುಗಿಸಿ ಹಿತ್ತಲಿಗೆ ಒಯ್ಯುತ್ತಿದ್ದುದು, ಆ ವಾಸನೆ, ಎಲ್ಲವೂ ಓಲಿಂಡಾಳ ಗಂಟಲಿಗೆ ಬಂತು. ಬಾಯಿಗೆ ಕೈ ಅಡ್ಡ ಹಿಡಿದು ಕಿಟಕಿಯಿಂದ ತಲೆ ಆಚೆ ಹಾಕಿದಳು. ಹಿಂದಿನಿಂದ ಅವನು ನೀರಿನ ಲೋಟ ಚಾಚಿದ.

"ಅದು ನಮ್ಮಜ್ಜ ಉಚ್ಚೆ ಹುಯ್ತಿದ್ದ ಪಾತ್ರೆ," ಎಂದಳು ಉಸಿರು ಹಿಡಿದು.

"ಗೊತ್ತು."

"ಗೊತ್ತಿದ್ದೂ ಹಣ್ಣು ಹಾಕ್ತೀರಾ?"

"ಕುದಿಯೋ ನೀರಲ್ಲಿ ತೊಳ್ದಿದೀನಿ. ತಿನ್ನೋ ಹಣ್ಣು ಅಡುಗೆಮನೇಲಿದೆ, ಇದು ಬರೀ ಶೋಕಿಗೆ. ಅಜ್ಜಿ ಕಾಲದ ಯಾವ ಪಿಂಗಾಣಿಯಾದ್ರೂ ಸರಿ, ಹಣ್ಣು ತುಂಬಿ ಮೇಜಿನ ಮೇಲಿಡಿ ಅಂತ ಜುಲ್ಮಿರಾ ಬಾಯಿ ಬರ್ದಿಲ್ವಾ?" ಅವನು ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದ. "ಇದನ್ನೆಲ್ಲ ಕಂಡೂ ಎಷ್ಟು ದಿನ ಸುಮ್ನಿರ್ತಾರೆ ನೋಡೋಣ ಅಂತ."

"ಯಾರು?"

"ಜುಲ್ಮಿರಾ ಬಾಯಿ."

ಅವಳು ಲೋಟ ಕೆಳಗಿಟ್ಟಳು. ಇನ್ನು ಬಚ್ಚಿಟ್ಟು ಪ್ರಯೋಜನವಿರಲಿಲ್ಲ, ಬಚ್ಚಿಡಲು ಆಸೆಯೂ ಇರಲಿಲ್ಲ. ಆ ಹಾಳು ಜುಲ್ಮಿರಾ ತಾನೇ ಎಂದೂ, ಬೆರ್ನಾರ್ಡ್ ಇಲ್ಲ, ಮಕ್ಕಳಿಲ್ಲ, ಮೊಳಗುವ ನಗುವಂತೂ ಇಲ್ಲವೇ ಇಲ್ಲವೆಂದೂ ಹೇಳಿದಳು. ಬರೆಯುವಾಗ ತನ್ನ ಕೈ ತನಗೇ ಅಸಹ್ಯ ಎಂದಳು. ಸಂಪಾದಕನ ಫೋನಿನ ಕಥೆಯನ್ನೂ ಹೇಳಿ, ಹಾಲ್ ಕೇಳಲು ಬಂದೆ ಎಂದಳು. ಹೇಳಿ ಮುಗಿಸುವ ಹೊತ್ತಿಗೆ ಅಳು ಬರುವುದರಲ್ಲಿತ್ತು, ಅದಕ್ಕೇ ಸಿಟ್ಟಿನಿಂದ ಕೇಳಿದಳು, ನಿಮಗೆ ಹೇಗೆ ಗೊತ್ತಾಯಿತು ಎಂದು.

ಇನಾಸ್ ಕಿಟಕಿಯತ್ತ ಹೋದ. ಅಲ್ಲಿ ಒಂದು ಬಿಲ್ಲೆಯ ಜಾಗದಲ್ಲಿ ಹಳೆಯ ರಟ್ಟು ಇತ್ತು. ಮನೆಯೆಲ್ಲ ಸಿಂಗರಿಸಿದವನು ಅದೊಂದನ್ನು ಮುಟ್ಟಿರಲಿಲ್ಲ.

"ಇದನ್ನ ಒಡ್ದಿದ್ದು ನಿಮ್ಮ ಮಗ ಅಲ್ಲ, ನಾನು," ಎಂದ. "ಸೀಬೆಕಾಯಿ ಎಸ್ದಿದ್ದೂ ನಾನೇ. ಗೊತ್ತಾಗಿದ್ರೆ ನಿಮ್ಮಜ್ಜ ನಮ್ಮಪ್ಪನ ಪಾವ್ ನಿಲ್ಲಿಸ್ತಿದ್ದ. ನೀನು ನಾನೇ ಮಾಡ್ದೆ ಅಂದು ಇದೇ ನೆಲದ ಮೇಲೆ ಮೊಣಕಾಲೂರಿದ್ದೆ. ನಾನು ಹಿತ್ತಲಿನಿಂದ ನೋಡ್ತಿದ್ದೆ. ಅದು ನಮ್ಮಿಬ್ಬರನ್ನ ಬಿಟ್ರೆ ಯಾರಿಗ್ ಗೊತ್ತು ಓಲಿಂಡಾ? ಹಡಗಿನಲ್ಲಿ ಫೋನಲ್ಲಿ ಅದನ್ನ ಓದ್ದೆ, ಇಳ್ದು ಬಂದೆ."

ಅವನು ನೀವು ಬಿಟ್ಟು ನೀನು ಎಂದಿದ್ದು ಇಬ್ಬರಿಗೂ ಒಂದು ಕ್ಷಣ ತಡವಾಗಿ ತಿಳಿಯಿತು. ಓಲಿಂಡಾ ತಿದ್ದಲಿಲ್ಲ. ಪಾವ್ ಬುಟ್ಟಿ ಹಿಡಿದು ಹಿತ್ತಲಲ್ಲಿ ನಿಂತು, ಬೈಗುಳ ತಿನ್ನುತ್ತಿದ್ದ ಅವಳನ್ನೇ ನೋಡುತ್ತಿದ್ದ ಹುಡುಗನ ಮುಖ ಅವಳಿಗೂ ನೆನಪಿತ್ತು. ಅಷ್ಟು ವರ್ಷಗಳಲ್ಲಿ ಬರೆದ ಸುಳ್ಳುಗಳ ನಡುವೆ ನಿಜವೆಂದರೆ ಅದೊಂದೇ ಇತ್ತು.

"ಹಾಲ್ ತಗೋ," ಎಂದ ಇನಾಸ್. "ಫೋಟೋಗೆ ಗಂಡನೂ ಬೇಕಲ್ಲ. ನಂಗೊಂದು ಒಳ್ಳೆ ಕೋಟ್ ಇದೆ."

ಓಲಿಂಡಾ ಮೀನಿನ ಬುಟ್ಟಿಗಳನ್ನು ನೋಡಿದಳು, ಹಲ್ಲಿಗಳನ್ನು ನೋಡಿದಳು, ಅಜ್ಜನ ಪಾತ್ರೆಯಲ್ಲಿ ಮಿನುಗುತ್ತಿದ್ದ ಹಣ್ಣುಗಳನ್ನು ನೋಡಿದಳು. ಇವನನ್ನೂ ಇವುಗಳ ಜೊತೆ ಸಾಲಾಗಿ ನಿಲ್ಲಿಸಿ, ಬೆರ್ನಾರ್ಡ್ ಎಂದು ಹೆಸರಿಟ್ಟು, ಪತ್ರಿಕೆಗೆ ತೋರಿಸುವುದನ್ನು ನೆನೆದರೆ ಪಾತ್ರೆ ಕಂಡಾಗಿನದಕ್ಕಿಂತ ಹೆಚ್ಚು ಹೇಸಿಗೆಯಾಯಿತು.

"ಫೋಟೋಗೆ ಗಂಡ ಬೇಡ ನಂಗೆ," ಎಂದು ಎದ್ದು ಹೊರಟುಬಿಟ್ಟಳು. ಅದರ ಅರ್ಥ ಅವನಿಗೆ ಹೇಗೆ ಹೊಳೆಯಬೇಕು? ಕೋಟಿನ ಮಾತು ಆಡಬಾರದಿತ್ತು ಎಂದುಕೊಂಡು ಅವನು ಬಾಗಿಲಲ್ಲೇ ನಿಂತ.

ಬೆಳಿಗ್ಗೆ ಅವಳು ಸಂಪಾದಕನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನು ಮೊದಲು ನಕ್ಕ, ಆಮೇಲೆ ಬೈದ, ಕೊನೆಗೆ ಪುಟ ಬೇರೆಯವರಿಗೆ ಹೋಗುತ್ತದೆ ಎಂದ. ಹೋಗಲಿ ಎಂದಳು. ಅನ್ನುವಾಗ ಎದೆಯಲ್ಲಿ ಏನೋ ಚುಚ್ಚಿತು, ನಿಜ. ಆದರೆ ಬಾಯಲ್ಲಿ ಬಹಳ ದಿನಗಳಿಂದ ನಿಂತಿದ್ದ ಕಹಿ ಇಳಿದಿತ್ತು.

ಹಿಂದಿನ ಸಂಜೆ ಪ್ಲೈವುಡ್ ಗೋಡೆಯ ಈಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಪೆರ್ಪೇತ್ ಬಾಯಿ ತೂತು ಕುರ್ಚಿಯಲ್ಲಿ ಕೂತು ಜಪಸರ ಎಣಿಸುತ್ತಿದ್ದಳು. ಮಗಳು ಎದುರು ಬಂದಾಗ ಮಣಿಯ ಮೇಲೆ ಬೆರಳು ನಿಲ್ಲಿಸಿದಳು.

"ಪಾವ್‌ನವನ ಮಗ," ಎಂದಳು.

"ಹೌದು ಮಾಯ್."

ತಾಯಿ ಪ್ಲೈವುಡ್ ಗೋಡೆಯತ್ತ ಗದ್ದ ತೋರಿಸಿದಳು. "ಆ ಪಾತ್ರೆ ನಮ್ಮ ಕಡೆಗೆ ಬರುತ್ತೆ ತಾನೆ?"

ಬರುತ್ತೆ ಎಂದಳು ಓಲಿಂಡಾ. ತಾಯಿಯ ಬೆರಳು ಮುಂದಿನ ಮಣಿಗೆ ಸರಿಯಿತು.

ಹೊರಗೆ ಇನಾಸ್ ಏಣಿ ಹತ್ತಿ ಗೋಡೆಯ ಹಸಿರನ್ನು ಕೆರೆಯುತ್ತಿದ್ದ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು. ಅವಳನ್ನು ಕಂಡು, ಅವಳ ಕಡೆ ನೋಡದೆ, ಇದನ್ನು ತೆಗೆಯುತ್ತಿದ್ದೇನೆ, ಕೊಳೆತ ಬಾಳೆ ಎಂದಿರಲ್ಲ, ಎಂದು ಮತ್ತೆ ಬಹುವಚನಕ್ಕೆ ಹೋದ. ಓಲಿಂಡಾ ಮೆಟ್ಟಿಲ ನಡುವಿನ ಗೆರೆಯ ಮೇಲೆ ಬಂದು ನಿಂತಳು, ಒಂದು ಕಾಲು ಇತ್ತ, ಒಂದು ಕಾಲು ಅತ್ತ.

"ಪೇಟೆಗೆ ಹೋಗಲ್ವಾ, ಬಣ್ಣ ತರೋಕೆ?"

"ಹೋಗ್ಬೇಕು. ಯಾವ ಬಣ್ಣ ತರ್ಲಿ?"

"ಯಾವುದಾದ್ರೂ ತಾ, ನಂಗೆ ವಾಂತಿ ಬರದೇ ಇದ್ರೆ ಸಾಕು," ಎಂದಳು ಓಲಿಂಡಾ. "ಆದ್ರೆ ಇನಾಸ್, ಎರಡೂ ಕಡೆಗೆ ಆಗೋವಷ್ಟು ತಾ."