ಹಾಲಿನ ಗಂಟು

"ಈ ಗಂಟು ಹೋದ ತಿಂಗಳು ಗೊತ್ತಾಯ್ತು ಡಾಕ್ಟ್ರೇ," ಎಂದಳು ಸೊಸೆ, ತಲೆ ಎತ್ತದೆ.

ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಅತ್ತೆ ಸರಕ್ಕನೆ ಅವಳತ್ತ ನೋಡಿದಳು. ಅದು ಹಸಿ ಸುಳ್ಳು. ಯಾರ ಮಾನ ಉಳಿಸಲು ಹೇಳಿದ ಸುಳ್ಳೆಂಬುದು ಅವರಿಬ್ಬರನ್ನು ಬಿಟ್ಟು ಆ ಕೋಣೆಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಬೆನ್ನ ಹಿಂದೆ ನಿಂತಿದ್ದ ಮಗನಿಗೂ.

ಮಗು ಹಾಲು ಕುಡಿಯುವ ಮನೆಯಲ್ಲಿ ಎದೆಯಲ್ಲೊಂದು ಗಂಟು ಕಂಡರೆ ಯಾರು ಹೆದರುತ್ತಾರೆ? ಮೂರು ಮಕ್ಕಳನ್ನು ಹೆತ್ತು ಸಾಕಿದವಳು ತಾನು, ತನಗೆ ತಿಳಿಯದ್ದು ಇನ್ನೇನಿದೆ ಎಂಬ ಠೇಂಕಾರ ಅತ್ತೆಯದು. ಹಾಲು ಕಟ್ಟಿಕೊಂಡಿದೆ, ಬಿಸಿ ಬಟ್ಟೆ ಒತ್ತು ಎಂದಿದ್ದಳು. ಗಂಟು ಕರಗಲಿಲ್ಲ. ಸೊಸೆ ಆಸ್ಪತ್ರೆಯ ಮಾತೆತ್ತಿದಾಗ, ಮಗುವಿಗೆ ಹಾಲು ಬಿಡಿಸಿ, ಹೆರಿಗೆಗೆಂದು ಮುಚ್ಚಿದ್ದ ತನ್ನ ಹೊಲಿಗೆ ಅಂಗಡಿಯ ಬಾಗಿಲು ಮತ್ತೆ ತೆಗೆಯಲು ಹೂಡಿದ ಆಟ ಇದೆಂದು, ಮಗ ಇಲ್ಲದ ಹೊತ್ತು ನೋಡಿ ಹಂಗಿಸಿದ್ದಳು. ಆಮೇಲೆ ಸೊಸೆ ತುಟಿ ಬಿಚ್ಚಲಿಲ್ಲ. ಬಾಯಿ ಮುಚ್ಚಿಸಿದೆನೆಂದು ಅತ್ತೆ ಒಳಗೊಳಗೇ ಬೀಗಿದ್ದಳು…

ಕೊನೆಗೆ ಮಗನೇ ಆಸ್ಪತ್ರೆಗೆ ಕರೆತಂದಿದ್ದ, ಪರೀಕ್ಷೆಯಲ್ಲಿ ಗಂಟು ಕ್ಯಾನ್ಸರಿನದೆಂದು ತಿಳಿದಿತ್ತು. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. 'ಬೆಳೆ' ಎಂದು ಅಪ್ಪಣೆ ಕೊಡುವ ಜೀನ್ ಎಲ್ಲರ ಜೀವಕೋಶದಲ್ಲೂ ಇರುತ್ತದೆಯಂತೆ. ಬೇಕಾದಾಗ ಹೇಳಿ ಸುಮ್ಮನಾಗುತ್ತದಂತೆ. "ನಿಮ್ಮ ಒಂದು ಕೋಶದಲ್ಲಿ ಅದು ಕೆಟ್ಟಿದೆ. ಹೊಲಿಗೆ ಯಂತ್ರದ ಪೆಡಲಿಂದ ಕಾಲು ತೆಗೆದ್ರೂ ಮೋಟಾರು ನಿಲ್ಲದೆ ಓಡಿದ ಹಾಗೆ. ಒಂದು ಕೋಶ ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಇದು ವಂಶದಿಂದ ಬಂದದ್ದಲ್ಲ, ಯಾರ ತಪ್ಪೂ ಅಲ್ಲ."

ಯಾರ ತಪ್ಪೂ ಅಲ್ಲ! ತನ್ನ ಬಿರುನುಡಿಗಳೇ ಗಂಟಾದವೇನೋ ಎಂದು ಹಲವು ದಿನಗಳಿಂದ ಬೇಯುತ್ತಿದ್ದ ಅತ್ತೆಗೆ ಹೋದ ಜೀವ ಬಂದಂತಾಯಿತು. ಆದರೆ ಡಾಕ್ಟರಮ್ಮ ಮಾತು ಮುಗಿಸಿರಲಿಲ್ಲ. ಆ ಜೀನಿನ ಆರ್ಭಟ ತಡೆಯುವ ಔಷಧಿಯಿದೆ, ಇವತ್ತೇ ಶುರುಮಾಡಬೇಕು, ಇನ್ನು ಮಗುವಿಗೆ ಎದೆಹಾಲು ಕೊಡುವಂತಿಲ್ಲ ಎಂದರು. ಒಂದೇ ತಿಂಗಳಲ್ಲಿ ಗಂಟು ಇಷ್ಟು ದೊಡ್ಡದಾಯಿತೇ, ಸರಿಯಾಗಿ ನೆನಪಿಸಿಕೊಳ್ಳಿ ಎಂದು ಮತ್ತೆ ಕೇಳಿದರು.

ಸೊಸೆ ಹೌದೆಂದು ತಲೆಯಾಡಿಸಿದಳು. ಸುಮ್ಮನಿದ್ದರೆ ಅತ್ತೆ ಮಗನ ಕಣ್ಣಲ್ಲಿ ಒಳ್ಳೆಯ ತಾಯಿಯಾಗಿಯೇ ಉಳಿಯಬಹುದಿತ್ತು. ಅವಳು ಡಾಕ್ಟರಮ್ಮನತ್ತ ತಿರುಗಿದಳು.

"ಇಲ್ಲ ಡಾಕ್ಟ್ರೇ… ಈ ಕೂಸು ಬೋರಲು ಬಿದ್ದ ವಾರವೇ ಇವಳು ನನಗೆ ಗಂಟು ತೋರಿಸಿದ್ಳು. ಈಗ ಇವನು ಅಂಬೆಗಾಲಿಡ್ತಾನೆ. ಆಸ್ಪತ್ರೆಗೆ ಹೋಗ್ತೀನಿ ಅಂತ ಅಂಗಲಾಚಿದ್ಳು. ನಾನೇ ಬಿಡಲಿಲ್ಲ."

"ಅಮ್ಮಾ…" ಎಂದ ಮಗ. ಬಾಗಿಲು ತೆಗೆದು ಹೊರಗೆ ಹೋಗಿಬಿಟ್ಟ.

ಅಷ್ಟರಲ್ಲಿ ಮಗು ಹಸಿವಿಗೆ ರಚ್ಚೆ ಹಿಡಿಯಿತು. ಅಭ್ಯಾಸಬಲದಿಂದ ಮುಂದೆ ಬಂದ ಸೊಸೆಯ ಕೈಗಳು ಅರ್ಧದಲ್ಲೇ ನಿಂತು ಹಿಂದೆ ಸರಿದವು. ಅವಳು ಅತ್ತೆಯ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅತ್ತೆ ಹೇಗೋ ತಾಳಿಕೊಳ್ಳುತ್ತಿದ್ದಳು.

"ನೀವೇ ಕುಡಿಸಿ ಅತ್ತೆ. ಬಾಟಲಿ ಚೀಲದಲ್ಲಿದೆ."

ಮಗು ಬಾಟಲಿಯನ್ನು ದೂರ ತಳ್ಳಿ ತಾಯಿಯ ಕಡೆಗೇ ಕೈಚಾಚಿತು. ಸೊಸೆ ಗೋಡೆಯ ಕಡೆಗೆ ತಿರುಗಿದಳು. ಅತ್ತೆ ಮೊಮ್ಮಗನನ್ನು ಬಿಗಿಯಾಗಿ ಅವಚಿಕೊಂಡು, ಅಳುತ್ತಲೇ, ಮತ್ತೆ ಮತ್ತೆ ಬಾಟಲಿಯನ್ನು ಅವನ ತುಟಿಗೆ ಹಿಡಿಯುತ್ತಿದ್ದಳು.