ಮೊಳೆ ಕಾಣದ ಗೋಡೆ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ನುಗ್ಗಿ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ತಂಗಿ ಕಾಲು ಮುರ್ಕೊಂಡು ಆಸ್ಪತ್ರೇಲಿದಾಳೆ. ಮಕ್ಕಳಿಗೆ ಡ್ಯಾನ್ಸ್ ಹೇಳ್ಕೊಡೋಳು. ಆ ಕಟ್ಟಡ ಡಿಸೈನ್ ಮಾಡಿದ ಇಂಜಿನಿಯರಮ್ಮನ್ನ ಒಳಗೆ ಹಾಕಿ."

ಜೊತೆಗೆ ಬಂದಿದ್ದ ಅವಳ ತಂದೆ, ಮೇಜು ಬೀರು ಮಾಡುವ ಹಿರಿಯ ಬಡಗಿ, "ಕೂತ್ಕೊಂಡು ಹೇಳಮ್ಮ" ಅಂದದ್ದಷ್ಟೇ.

ಹಿಂದಿನ ಸಂಜೆಯ ಗಾಳಿಗೆ ಎರಡಂತಸ್ತಿನ ಹೊಸ ಮರದ ಕಟ್ಟಡದಲ್ಲಿ, ಕೆಳಗಿನ ನೃತ್ಯಶಾಲೆಯ ಒಂದು ಗೋಡೆ ವಾಲಿ ತೊಲೆ ಬಿದ್ದಿತ್ತು. ಮಕ್ಕಳು ಆಗಲೇ ಮನೆಗೆ ಹೋಗಿದ್ದರು, ಪುಣ್ಯ. ಎಫ್‌ಐಆರ್ ದಾಖಲಾಯಿತು. ಆರೋಪಿ, ಇಂಜಿನಿಯರ್. ಆದರೆ ಇನ್‌ಸ್ಪೆಕ್ಟರಿಗೆ ಒಂದು ವಿಷಯ ಕೊರೆಯುತ್ತಿತ್ತು. ಪಕ್ಕದ ಹಳೆಯ ತಗಡಿನ ಶೆಡ್ಡು ಒಂದಿಂಚೂ ಅಲುಗಿರಲಿಲ್ಲ. ಅದನ್ನು ಬಿಟ್ಟ ಗಾಳಿ ಹೊಸ ಕಟ್ಟಡವನ್ನೇ ಹುಡುಕಿಕೊಂಡು ಬಂತೇ?

ಮಧ್ಯಾಹ್ನ ಪಂಚರೊಂದಿಗೆ ಪಂಚನಾಮೆಗೆ ಹೋದಾಗ ಇಂಜಿನಿಯರಮ್ಮ ಅಲ್ಲೇ ಕಾದಿದ್ದಳು. ಮೂವತ್ತರ ಆಸುಪಾಸು, ಕೆಂಪಾದ ಕಣ್ಣು.

"ನಿಮ್ಮ ಲೆಕ್ಕ ತಪ್ಪಿತಾ?"

"ತಪ್ಪಿದ್ರೆ ನಾನೇ ನಿಮ್ಮ ಜೀಪು ಹತ್ತೀನಿ ಸರ್. ಲೈಸೆನ್ಸೂ ಹೋಗುತ್ತೆ, ಹೋಗ್ಲಿ. ಮೊದಲು ನೋಡೋಕೆ ಬಿಡಿ."

ನೆಲಕ್ಕೆ ಗೋಡೆಯನ್ನು ಹಿಡಿದ ಕಬ್ಬಿಣದ ಪಟ್ಟಿಗಳು ಬಿಗಿಯಾಗಿಯೇ ಇದ್ದವು. ಪ್ಲೈವುಡ್ ಹಾಳೆಗಳು ಮಾತ್ರ ಕಂಬಗಳಿಂದ ಕಿತ್ತು ಬಂದಿದ್ದವು. ಆಕೆ ವಿವರಿಸಿದಳು: ಬರೀ ಕಂಬಗಳ ಚೌಕಟ್ಟು ಹಿಂಬದಿ ಹಲಗೆಯಿಲ್ಲದ ಫೋಟೋ ಫ್ರೇಮಿನ ಹಾಗೆ, ಒಂದು ಮೂಲೆ ತಳ್ಳಿದರೆ ಸೊಟ್ಟಗಾಗುತ್ತದೆ. ಅಂಚಿನುದ್ದಕ್ಕೂ ಮೊಳೆ ಹೊಡೆದ ಪ್ಲೈವುಡ್ಡೇ ಅದನ್ನು ನೆಟ್ಟಗೆ ಹಿಡಿಯುವುದು. ಹೇಳುತ್ತಲೇ ಬಗ್ಗಿ ಏನನ್ನೋ ಹೆಕ್ಕಿದಳು. ಕಪ್ಪನೆಯ ತುಂಡು.

"ಇದು ಸ್ಕ್ರೂ. ನಾನು ಹೇಳಿದ್ದು ಮೊಳೆ."

"ಸ್ಕ್ರೂ ಇನ್ನೂ ಗಟ್ಟಿ ಅಲ್ವೇನಮ್ಮ?" ಎಂದ ಹೆಡ್ ಕಾನ್‌ಸ್ಟೇಬಲ್. ಬಾಯಿ ಮುಚ್ಚದವನಾದ್ದರಿಂದ ಠಾಣೆಯಲ್ಲಿ ಅವನಿಗೆ ರೇಡಿಯೊ ಎಂದೇ ಹೆಸರು.

"ಎಳೆದ್ರೆ ಗಟ್ಟಿ. ಗಾಳಿ ಅಡ್ಡಡ್ಡ ತಳ್ಳುತ್ತೆ. ಮೊಳೆ ಬಾಗಿ ತಡ್ಕೊಳ್ಳುತ್ತೆ. ಈ ಜಾತಿ ಸ್ಕ್ರೂಗೆ ಬಾಗೋದೇ ಗೊತ್ತಿಲ್ಲ, ಪಟ್ ಅಂತ ಮುರಿಯುತ್ತೆ."

"ನಮ್ಮ ಮಾವನ ಥರ," ಎಂದ ರೇಡಿಯೊ.

ಆಕೆ ನೆಟ್ಟಗೆ ನಿಂತಿದ್ದ ಎದುರು ಗೋಡೆಯತ್ತ ನಡೆದು ಉಗುರಿನಿಂದ ಕೆರೆದಳು. ಮರದ ಬಣ್ಣದ ಮೇಣ ಎದ್ದು ಬಂತು. ಅದರಡಿಯಲ್ಲಿ ಕಪ್ಪು ತಲೆ.

"ಸರ್, ಎಲ್ಲರೂ ಹೊರಗೆ. ಓಡಬೇಡಿ. ಇದಕ್ಕೂ ಸ್ಕ್ರೂ."

ಅಷ್ಟರಲ್ಲಿ ಗಾಳಿ ಬೀಸಿತು. ಗೋಡೆಯೊಳಗೆಲ್ಲೋ ಪಟ್. ಮತ್ತೊಂದು ಪಟ್. ಪಂಚರು ಒಬ್ಬರ ಹಿಂದೊಬ್ಬರು ಬೆಕ್ಕಿನ ಹೆಜ್ಜೆ ಹಾಕಿದರು. ರೇಡಿಯೊ ತುಟಿ ಎರಡು ಮಾಡಲಿಲ್ಲ. ಕೊನೆಯಲ್ಲಿ ಹೊರಬಿದ್ದ ಇನ್‌ಸ್ಪೆಕ್ಟರ್ ತಿರುಗಿ ಗೋಡೆ ನೋಡಿದರು. ಮನಸ್ಸಿನಲ್ಲಿ ಅರ್ಧ ಭಯ, ಇನ್ನರ್ಧ ಬೇಟೆಯ ವಾಸನೆ ಹತ್ತಿದ ಖುಷಿ.

ಗೋಡೆಗಳಿಗೆ ಆಸರೆಗಂಬ ಕೊಡಿಸಿ ಒಳಹೊಕ್ಕಾಗ ಎಲ್ಲ ಬಿಚ್ಚಿಕೊಂಡಿತು. ಯಾರೋ ಒಂದೊಂದೇ ಮೊಳೆ ಕಿತ್ತು, ಪಕ್ಕದಲ್ಲಿ ಸ್ಕ್ರೂ ಕೂರಿಸಿ, ಹಳೆಯ ತೂತಿಗೂ ಹೊಸ ತಲೆಗೂ ಮೇಣ ಸವರಿದ್ದರು. ಮೇಣ ಕೆರೆದಲ್ಲೆಲ್ಲ ಸ್ಕ್ರೂ ತಲೆಯ ಪ್ಲಸ್ ಗೀರು ಒಂದೇ ನೇರಕ್ಕೆ ನಿಂತಿತ್ತು.

ಗುತ್ತಿಗೆದಾರ ಕೈಮುಗಿದ. "ನಮ್ಮೋರು ಗನ್ನಲ್ಲಿ ಮೊಳೆ ಹೊಡೆದು ಮುಂದಿನ ಕೆಲಸಕ್ಕೆ ಓಡ್ತಾರೆ ಸ್ವಾಮಿ. ಮೇಣ ಹಚ್ಕೊಂಡು ಕೂರೋಕೆ ಪುರುಸೊತ್ತೆಲ್ಲಿ?"

"ಮತ್ತೆ ಕೀಲಿ ಯಾರ ಹತ್ರ ಇತ್ತು?"

"ಟೀಚರಮ್ಮ, ಅವರ ಮನೆಮಂದಿ ಹತ್ರ."

ಬುಧವಾರ ದೂರುದಾರಳ ಮರುಹೇಳಿಕೆಗೆ ಇನ್‌ಸ್ಪೆಕ್ಟರ್ ಅವಳ ಮನೆಗೆ ಹೋಗಿ, ಯಾರೋ ಮೊಳೆ ಕಿತ್ತು ಸ್ಕ್ರೂ ಹಾಕಿದ್ದರೆಂದು ತಿಳಿಸಿದರು. ಕಣ್ಣು ಮಾತ್ರ ಗೋಡೆಯ ಬೀರುವಿನ ಮೇಲಿತ್ತು. ಕೀಲುಗಳ ಸ್ಕ್ರೂಗಳೆಲ್ಲ ಶಿಸ್ತಿನ ಸಿಪಾಯಿಗಳ ಹಾಗೆ ಒಂದೇ ನೇರಕ್ಕೆ.

"ಚೆನ್ನಾಗಿದೆ. ಯಾರು ಮಾಡಿದ್ದು?"

"ಅಪ್ಪ. ಈ ಮನೇಲಿ ಒಂದು ಮೊಳೆ ತೋರಿಸಿ ನೋಡೋಣ. ಮೊಳೆ ಹೊಡೆಯೋನು ಬಡಗಿನೇ ಅಲ್ಲ ಅಂತಾರೆ. ಯಾರ ಮನೆಗೆ ಹೋದ್ರೂ ಮೊಳೆ ತಲೆ ಕಂಡ್ರೆ ಸಾಕು, ಅದನ್ನ..."

ಅವಳ ಕಣ್ಣು ಬೀರುವಿನ ಸ್ಕ್ರೂಗಳ ಮೇಲೆ ನಿಂತಿತು. ಅವಳೇ ಚಪ್ಪಲಿ ಮೆಟ್ಟಿದಳು. "ಆಸ್ಪತ್ರೇಲಿದಾರೆ. ಬನ್ನಿ."

ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದ ಹಿರಿಯರು, ದೊಡ್ಡ ಮಗಳ ಮುಖ ನೋಡಿದ್ದೇ ಎದ್ದು ನಿಂತರು.

"ಮೊಳೆ ಕಿತ್ತಿದ್ದು ನೀವಾ?"

"ಹೌದು."

"ಇಂಜಿನಿಯರಮ್ಮನ ಮೇಲೆ ಕೇಸಾದಾಗ ಸುಮ್ನಿದ್ರಲ್ಲ?"

"ನಾಲಿಗೆ ತುದಿಗೆ ಬಂದಿತ್ತು. ಇವಳು ಪಕ್ಕದಲ್ಲಿದ್ದಳು." ದೊಡ್ಡ ಮಗಳತ್ತ ಕೈ ತೋರಿಸಿದರು. "ಚಿಕ್ಕವಳು ಮೊದಲ ಸಲ ಸ್ವಂತದ್ದು ಅಂತ ಜಾಗ ಮಾಡ್ಕೊಂಡ್ಲು. ಗೋಡೆ ತುಂಬಾ ಮೊಳೆ ತಲೆ, ಸಿಡುಬು ಎದ್ದ ಹಾಗೆ. ಬಡಗಿ ಮಗಳ ಗೋಡೆ ಸ್ವಾಮಿ ಅದು. ಮೊಳೆಗಿಂತ ಗಟ್ಟಿ ಮಾಡ್ತಿದೀನಿ ಅಂದ್ಕೊಂಡೇ ಮಾಡ್ದೆ."

ಹಿರಿಯರ ಬಂಧನದ ವಿಷಯ ಮನೆಯವರಿಗೆ ತಿಳಿಸಿದ್ದಕ್ಕೆ ಸಹಿ ಬೇಕಿತ್ತು. ಇಂಜಿನಿಯರ್ ಮೇಲೆ ದೂರು ಕೊಟ್ಟವಳೇ ಹಾಕಿದಳು. ರೇಡಿಯೊ ತಾನೇ ಇಂಜಿನಿಯರಮ್ಮನಿಗೆ ಫೋನ್ ಹಚ್ಚಿ, "ಆರಾಮಾಗಿ ಊಟ ಮಾಡಮ್ಮ" ಅಂದ. ಆ ಕಡೆಯಿಂದ ಅಳು ಕೇಳಿಸಿತು.

ಚಿಕ್ಕ ಮಗಳಿಗೆ ತಾನೇ ಹೇಳುತ್ತೇನೆಂದು ಹಿರಿಯರು ಬೇಡಿಕೊಂಡರು. ಇನ್‌ಸ್ಪೆಕ್ಟರ್ ಬಾಗಿಲ ಹೊರಗೆ ನಿಂತು ಕಾದರು. ಹೊರಬಂದ ಹಿರಿಯರನ್ನು ಮೆಟ್ಟಿಲಿಳಿಯುತ್ತ ಕೇಳಿದರು.

"ಏನಂದ್ಲು?"

"ದಿನಾ ಕ್ಲಾಸಿಗೆ ಮುಂಚೆ ಆ ಗೋಡೆ ಮೇಲೆ ಕೈಯಾಡಿಸ್ತಿದ್ಲಂತೆ, ಅಷ್ಟು ನುಣ್ಣಗಿತ್ತಂತೆ." ಹಿರಿಯರು ಮೆಟ್ಟಿಲ ಕಂಬಿ ಹಿಡಿದು ನಿಂತರು. "ಬೈದಿದ್ರೆ ತಡ್ಕೋಬಹುದಿತ್ತು."